ಮೂರನೆಯ ದಿನ ಸುಮ್ಮನೆ ಕೂರುವುದು

ಮೇ 12, ಭಾನುವಾರ

ಸಂತೆ ಮುಗಿದು ಜನ ಕರಗುವ ಹೊತ್ತಿಗೆ ಸೆನೋವಿಯಾ ನನ್ನ ಸೂಪಿನಂಗಡಿಯ ಬೆಂಚಿನ ಮೇಲೆ ಬಂದು ಕೂತಳು. ಗಿಡಮೂಲಿಕೆ ಮಾರುವವಳು, ನಮ್ಮ ಮಾರುಕಟ್ಟೆ ಹೆಂಗಸರ ಸಂಘದ ಅಧ್ಯಕ್ಷೆ. ಸೂಪು ಕೇಳದೆ ಕೂತಳೆಂದರೆ ಯಾವುದೋ ಕೆಲಸವನ್ನು ನನ್ನ ತಲೆಗೆ ಕಟ್ಟಲು ಬಂದಿದ್ದಾಳೆ ಎಂದೇ ಲೆಕ್ಕ.

"ತೋರಿಬಿಯಾ, ನಾವು ಎಂಟು ಜನ ಹಿಮಬೆಟ್ಟದ ರಾಷ್ಟ್ರೀಯ ಉದ್ಯಾನದೊಳಕ್ಕೆ ಹೋಗ್ತಿದೀವಿ. ಯುರಾಕ್ ಘಾಟಿ ಹತ್ತಿ ಆ ಕಡೆ ಇಳಿಯೋದು."

"ಹುಲ್ಲು ಕೊಯ್ಯೋಕಾ?"

"ನೋಡೋಕೆ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

"ಎಲ್ಲೆಲ್ಲಿಂದಲೋ ಬರ್ತಾರೆ, ದಪ್ಪ ದಪ್ಪ ಬೂಟು ಹಾಕ್ಕೊಂಡು. ನಮ್ಮ ಹತ್ರಾನೇ ಬ್ರೆಡ್ಡು, ಹಣ್ಣು ತಗೊಂಡು ಹುವಾಸ್ಕರಾನ್ ಉದ್ಯಾನಕ್ಕೆ ಹತ್ತುತಾರೆ. ಐದು ದಿನ ಬಿಟ್ಟು ಇಳಿದು ಬಂದು, ಅಯ್ಯೋ ಎಷ್ಟು ಚೆಂದ ಅಂತ ಕಣ್ಣೀರು ಹಾಕ್ತಾರೆ. ನನಗೆ ಅರವತ್ತೊಂದು. ನಮ್ಮ ಮನೆ ಹಿತ್ತಲಲ್ಲಿ ಏನಿದೆ ಅಂತ ನಾನು ನೋಡಿಲ್ಲ. ನೀನು ಹದಿನಾರು ವರ್ಷ ಅಲ್ಲಿ ಅಂಥೋರಿಗೆ ಅಡುಗೆ ಮಾಡ್ದೋಳು. ಎಲ್ಲಿ ಉಳಿಯೋದು, ಏನು ತಿನ್ನೋದು, ಎಲ್ಲಾ ನೀನೇ ಬರೆದುಕೊಡು."

ಬರೆದುಕೊಡುತ್ತೇನೆ, ಬರುವುದಿಲ್ಲ ಎಂದೆ. ಯಾಕೆಂದು ಅವಳು ಕೇಳಲಿಲ್ಲ, ಊರಿಗೆಲ್ಲ ಗೊತ್ತಿದೆ. ಎರಡು ವರ್ಷದ ಹಿಂದೆ ಅದೇ ಘಾಟಿಯಲ್ಲಿ ಕೆಟ್ಟ ಚೀಸ್ ತಿಂದು ವಾಂತಿ ಹತ್ತಿ, ಕತ್ತೆಯ ಬೆನ್ನ ಮೇಲೆ ಮೂಟೆಯಂತೆ ಇಳಿದು ಬಂದವಳು ನಾನು. ಅಂದಿನಿಂದ ಬೆಟ್ಟ ಬಿಟ್ಟು ಸೂಪು ಹಿಡಿದಿದ್ದೇನೆ.

ಆ ಚೀಸ್ ನಮ್ಮ ಸಂತೆಯಲ್ಲೇ ಚೀಸ್ ಮಾರುವ ಫೌಸ್ತಿನಾಳದ್ದು. ಆ ಎಂಟು ಜನರಲ್ಲಿ ಅವಳೂ ಒಬ್ಬಳಂತೆ. ಅವಳ ಮಗಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಧರ್ಮತಾಯಿಯಾಗಿ ನಿಂತವಳು ನಾನೇ, ಹಾಗಾಗಿ ನಾವಿಬ್ಬರೂ ಕೊಮಾದ್ರೆಗಳು. ಇದು ಒಡಹುಟ್ಟಿದವರಿಗಿಂತ ಹೆಚ್ಚಿನ ನಂಟು. ಎರಡು ವರ್ಷದಿಂದ ಅವಳು ನನ್ನನ್ನು "ಸೆನ್ಯೋರಾ" ಎನ್ನುತ್ತಾಳೆ, ಯಾರೋ ಮೇಡಮ್ಮನನ್ನು ಮಾತಾಡಿಸುವಂತೆ. ಕೋಪವಿರಬೇಕು. ಇರಲಿ.

ಮೇ 14, ಮಂಗಳವಾರ

ಅಡುಗೆ ಪಟ್ಟಿ ಬರೆಯುತ್ತಿದ್ದ ಹಳೆಯ ನೋಟುಬುಕ್ಕು ಪೆಟ್ಟಿಗೆಯ ತಳದಲ್ಲಿ ಸಿಕ್ಕಿತು. ಇನ್ನೂ ಸೀಮೆಎಣ್ಣೆಯ ವಾಸನೆ. ಅರ್ಧ ಖಾಲಿ ಇದೆ, ಯೋಜನೆಯನ್ನೂ ಈ ದಿನಚರಿಯನ್ನೂ ಇದರಲ್ಲೇ ಬರೆಯುತ್ತಿದ್ದೇನೆ.

ಸೋಮವಾರ ಜೂನ್ ಹದಿನೇಳಕ್ಕೆ ಹೊರಟರೆ ಶುಕ್ರವಾರ ವಾಪಸು, ಭಾನುವಾರದ ಸಂತೆ ತಪ್ಪುವುದಿಲ್ಲ. ಮೊದಲ ದಿನ ಕಿಸ್ವಾರ್ ಮರಗಳ ತೋಪಿನವರೆಗೆ. ಅಲ್ಲಿ ನೀರು ಚೆನ್ನ, ಗಾಳಿಗೆ ಮರೆ ಇದೆ. ಎರಡನೆಯ ದಿನ ಹಸಿರು ಕೊಳ. ಅದು ನಾಲ್ಕು ಸಾವಿರ ಮೀಟರಿಗೂ ಮೇಲೆ, ಬಾಯಿಂದ ಬಿಟ್ಟ ಉಸಿರು ಬಿಳಿಯಾಗಿ ಕಾಣುತ್ತದೆ. ಮೂರನೆಯ ದಿನ ಅಲ್ಲೇ ಸುಮ್ಮನೆ ಕೂರುವುದು. ನಾಲ್ಕನೆಯ ದಿನ ಘಾಟಿ ಹತ್ತಿ ಆ ಕಡೆಯ ಹುಲ್ಲುಗಾವಲು, ಐದನೆಯ ದಿನ ಕೆಳಗಿನ ಹಳ್ಳಿ, ಅಲ್ಲಿಂದ ಲಾರಿ.

ಮೂರನೆಯ ದಿನದ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಎತ್ತರಕ್ಕೆ ಮೈ ಒಗ್ಗಲಿ ಎಂದು ಪರದೇಶದವರಿಗೆ ಅದನ್ನು ಹಾಕುವುದು ವಾಡಿಕೆ. ನಮ್ಮ ಹೆಂಗಸರು ಕೇಳಿದರೆ ನಗುತ್ತಾರೆ.

ಮೇ 19, ಭಾನುವಾರ

ನಕ್ಕರು.

ಅದಕ್ಕೂ ಮೊದಲು ಜಗಳವೇ ಒಂದು ಗಂಟೆ ನಡೆಯಿತು. ಲಂಗದಲ್ಲಿ ಹತ್ತುವುದೋ ಪ್ಯಾಂಟು ಹಾಕುವುದೋ ಎಂದು ಮೊದಲ ಸುತ್ತು. ಲಂಗವೇ ಗೆದ್ದಿತು, ಒಳಗೆ ಉಣ್ಣೆಯ ಪ್ಯಾಂಟು ಎಂಬ ಷರತ್ತಿನ ಮೇಲೆ. ಅಂಗಡಿಗಳನ್ನು ನೋಡಿಕೊಳ್ಳಲು ಮುಯ್ಯಾಳು ಗೊತ್ತುಮಾಡಿದರು. ಈ ವಾರ ನೀವು ನಮ್ಮ ಅಂಗಡಿ ನೋಡಿ, ಆಲೂಗಡ್ಡೆ ಕೀಳುವಾಗ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ ಎಂದು ಮೀನಿನ ಸಾಲಿನವರ ಜೊತೆ ಮಾತಾಯಿತು. ಗಂಡಂದಿರು ಹಸು ಕರೆಯುತ್ತಾರಂತೆ. ಹಸುಗಳನ್ನು ನೆನೆದು ನನಗೇ ಅಯ್ಯೋ ಎನಿಸಿತು.

ಆಮೇಲೆ ಮೂರನೆಯ ದಿನ ಬಂತು.

"ಸುಮ್ಮನೆ ಕೂರೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮ ಯಜಮಾನ್ರು ಮನೇಲೇ ಕೂತಿರ್ತಾರೆ!" ಎಂದಳು ಬ್ರೆಡ್ಡಿನ ಲುಸ್ಮಿಲಾ.

ಫೌಸ್ತಿನಾ ನನ್ನ ಕಡೆ ನೋಡದೆ, ಗೋಡೆಗೆ ಹೇಳುವಂತೆ ಹೇಳಿದಳು. "ತಲೆ ಸುತ್ತೋದು, ಉಸಿರು ಕಟ್ಟೋದು, ಆ ಸೊರೋಚೆ ಎಲ್ಲಾ ಸಮುದ್ರದ ಕಡೆಯೋರಿಗೆ ಬರೋ ಕಾಯಿಲೆ. ನಾವು ಬೆಟ್ಟದಲ್ಲೇ ಹುಟ್ಟಿದೋರು. ಎತ್ತರ ನಮ್ಮನ್ನೇನು ಮಾಡುತ್ತೆ? ನಾಲ್ಕೇ ದಿನ ಸಾಕು."

ಎಲ್ಲರೂ ಹೌದು ಹೌದು ಎಂದರು. ಜೂನ್ ಎರಡರ ಸಭೆಯಲ್ಲಿ ಕೈ ಎತ್ತಿ ತೀರ್ಮಾನಿಸೋಣ ಎಂದಳು ಸೆನೋವಿಯಾ. ನಾನು ಪಾತ್ರೆ ತೊಳೆಯುತ್ತಾ ಕೂತೆ. ಬರುವವಳು ನಾನಲ್ಲ, ನನಗೇನು?

ಮೇ 23, ಗುರುವಾರ

ಬೆಳಿಗ್ಗೆ ಮೇಲಿನ ಹೊಲಗಳವರೆಗೆ ಹೋಗಿ ಬಂದೆ. ಪಕ್ಕದ ಮನೆಯವರ ಹಸು ತಪ್ಪಿಸಿಕೊಂಡಿದೆಯೇನೋ ನೋಡೋಣ ಎಂದು. ತಪ್ಪಿಸಿಕೊಂಡಿರಲಿಲ್ಲ.

ಮೇ 24, ಶುಕ್ರವಾರ

ಹಸುವನ್ನು ನೋಡಲು ಇನ್ನೂ ಮೇಲೆ, ಶಿಲುಬೆಯ ದಿಬ್ಬದವರೆಗೆ ಹೋದೆ. ಉಸಿರು ಪರವಾಗಿಲ್ಲ.

ಮೇ 26, ಭಾನುವಾರ

ಹೊರೆ ಹೊರುವ ಕತ್ತೆಗಳು ಗ್ಲಿಸೆರಿಯೊನವು, ಎರಡು ವರ್ಷದ ಹಿಂದೆ ನನ್ನನ್ನು ಇಳಿಸಿ ತಂದದ್ದೂ ಅವನದೇ ಕತ್ತೆ. ಅವನು ಇಂದು ಸಾಮಾನು ನೋಡಲು ಬಂದಿದ್ದ. ಬಾರ್ಲಿಯ ಹುರಿಹಿಟ್ಟು, ಹುರಿದ ಜೋಳ, ಗೋಧಿ ನುಚ್ಚು, ಒಣ ಮಾಂಸ, ಕೋಕಾ ಎಲೆ, ಆಲೂಗಡ್ಡೆ ಎಲ್ಲವನ್ನೂ ಚೀಲ ಚೀಲವಾಗಿ ಕಟ್ಟಿ ಇಟ್ಟಿದ್ದೆ. ಗ್ಲಿಸೆರಿಯೊ ಮಾತಾಡುವುದು ಕಡಿಮೆ. ಆಲೂಗಡ್ಡೆ ಮೂಟೆ ಎತ್ತಿ ನೋಡಿದ, ಇಳಿಸಿದ, ಮತ್ತೆ ಎತ್ತಿದ.

"ಎಷ್ಟು ಜನಕ್ಕಮ್ಮ ಇದು?"

"ಎಂಟು ಹೆಂಗಸರು, ನೀನೊಬ್ಬ."

"ಇದು ಹತ್ತು ಜನಕ್ಕಿದೆ."

ನಾನು ಬೆರಳು ಮಡಚಿ ಎಣಿಸಿದೆ. ತಟ್ಟೆಯೂ ಹತ್ತು, ಕಂಬಳಿಯೂ ಹತ್ತು. ಯಾವುದಕ್ಕೂ ಇರಲಿ ಎಂದು ಒಂದು ಹೆಚ್ಚಿಗೆ ಹಾಕಿದ್ದೇನೆ ಎಂದೆ. ಅವನು ಹೂಂ ಎಂದ. ಹಗ್ಗ ಸುತ್ತುತ್ತಾ, ನನ್ನ ಮುಖ ನೋಡದೆ, ಇನ್ನೊಂದು ಮಾತು ಹೇಳಿದ.

"ಆವತ್ತು ಆ ಚೀಸ್ ನಾನೂ ತಿಂದಿದ್ದೆ. ಎರಡು ತುಂಡು."

ಎರಡು ವರ್ಷದಲ್ಲಿ ಮೊದಲ ಸಲ ಅವನು ಅದರ ಬಗ್ಗೆ ಬಾಯಿ ಬಿಟ್ಟದ್ದು. ಕತ್ತೆ ಬಿಚ್ಚಿಕೊಂಡು ಹೊರಟುಹೋದ.

ಮೇ 27, ಸೋಮವಾರ

ಇಲ್ಲಾದರೂ ಬರೆದುಬಿಡುತ್ತೇನೆ, ಯಾರು ಓದುತ್ತಾರೆ.

ಚೀಸ್ ಚೆನ್ನಾಗಿತ್ತು.

ಮಗಳ ಮಕ್ಕಳನ್ನು ನೋಡಿಕೊಳ್ಳಲು ಆರು ವರ್ಷ ಚಿಂಬೋತೆಯಲ್ಲಿದ್ದೆ, ಸಮುದ್ರದ ದಂಡೆಯಲ್ಲಿ. ವಾಪಸು ಬಂದ ಮೂರನೆಯ ದಿನಕ್ಕೆ ಬೆಟ್ಟದ ಅಡುಗೆ ಕೆಲಸ ಮತ್ತೆ ಸಿಕ್ಕಿತು. ಎರಡು ವಾರ ಊರಲ್ಲಿದ್ದು ಮೈ ಒಗ್ಗಿದ ಮೇಲೆ ಬಾ ಎಂದು ತಂಡದ ಮುಖ್ಯಸ್ಥ ಹೇಳಿದ್ದ. ನಾನೇ, "ನನಗೆ ಎತ್ತರ ಕಲಿಸ್ತೀಯಾ? ನಾನು ಹುಟ್ಟಿದ್ದೇ ಇಲ್ಲಿ" ಎಂದು ಎದೆ ಬಡಿದುಕೊಂಡು ಹೋದೆ. ತಲೆನೋವು ಎರಡನೆಯ ದಿನವೇ ಶುರುವಾಗಿತ್ತು. ಯಾರಿಗೂ ಹೇಳಲಿಲ್ಲ, ತಲೆಗೆ ಬಟ್ಟೆ ಬಿಗಿದು ಸೌದೆ ಹಚ್ಚಿದೆ. ಘಾಟಿಯ ನೆತ್ತಿಯಲ್ಲಿ ಕಾಲು ನನ್ನದಲ್ಲ ಎನಿಸಿತು. ಕತ್ತೆಯನ್ನು ಮಗಳ ಹೆಸರಿನಿಂದ ಕರೆದೆನಂತೆ. ಪ್ರವಾಸಿಗರ ಗುಂಪಿನ ಒಬ್ಬ ಪರದೇಶದ ಅಜ್ಜಿ ತನ್ನ ಮಾತ್ರೆ ನನ್ನ ಬಾಯಿಗೆ ಹಾಕಿದಳು. ಅವಳಿಗೆ ಅಡುಗೆ ಮಾಡಿ ಹಾಕಲು ಹೋದವಳು ನಾನು.

ಕೆಳಗೆ ಬಂದಾಗ ಜನ ಸೇರಿದ್ದರು. ಏನಾಯಿತು ಎಂದರು. ಬೆಟ್ಟದಲ್ಲಿ ಹುಟ್ಟಿದವಳಿಗೆ ಬೆಟ್ಟವೇ ಹಿಡಿಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ಚೀಸ್ ಎಂದೆ. ಒಂದೇ ಮಾತು. ಅದರ ಮರುವಾರದಿಂದ ಯಾವ ತಂಡದ ಅಡುಗೆಯವರೂ ಫೌಸ್ತಿನಾಳ ಹತ್ತಿರ ಚೀಸ್ ಕೊಳ್ಳಲಿಲ್ಲ. ಈಗಲೂ ವಾರಕ್ಕೊಮ್ಮೆ ಬುಟ್ಟಿ ಹೊತ್ತು ಎರಡು ಊರಾಚೆ ಹೋಗಿ ಮಾರುತ್ತಾಳೆ.

ನನಗೆ ನಾಚಿಕೆಯಾಗುತ್ತದೆ.

ಜೂನ್ 2, ಭಾನುವಾರ

ಕೈ ಎತ್ತಿದರು. ಮೂರನೆಯ ದಿನ ಬೇಡ ಎಂದು ಏಳು ಕೈ. ಸೆನೋವಿಯಾ ಒಬ್ಬಳು ಸುಮ್ಮನಿದ್ದಳು. ಅವಳಿಗೂ ಮೊಣಕಾಲು ನೋವಿನ ಯೋಚನೆ ಅಷ್ಟೇ.

ನಾನು ಸುಮ್ಮನಿರಬಹುದಿತ್ತು. ಆದರೆ ಇವರು ವರ್ಷಪೂರ್ತಿ ಮಾರುಕಟ್ಟೆಯ ಕಟ್ಟೆ ಮೇಲೆ ಕೂತವರು. ಅಷ್ಟು ಎತ್ತರಕ್ಕೆ ಒಬ್ಬಳೂ ಹೋದವಳಲ್ಲ. ಯಾರಿಗೆ ತಲೆ ಸಿಡಿದರೂ ನನ್ನ ಹಾಗೆಯೇ ಬಾಯಿ ಮುಚ್ಚಿಕೊಂಡು ಹತ್ತುತ್ತಾರೆ. ಒಬ್ಬಳು ಅಲ್ಲೇ ಉಳಿದುಬಿಟ್ಟರೆ? ಸೌಟು ಕೆಳಗಿಟ್ಟೆ.

"ನನಗೆ ಆಗಿದ್ದು ಚೀಸಿಂದಲ್ಲ," ಎಂದೆ. "ಸೊರೋಚೆ. ಜಂಬಕ್ಕೆ ಒಂದು ದಿನ ಕೂರದೆ ಹತ್ತಿದೆ, ಬಿದ್ದೆ. ಫೌಸ್ತಿನಾ ಚೀಸ್ ಚೆನ್ನಾಗಿತ್ತು. ಗ್ಲಿಸೆರಿಯೊನೂ ತಿಂದಿದ್ದ, ಅವನಿಗೇನೂ ಆಗಲಿಲ್ಲ. ನಾನು ಸುಳ್ಳು ಹೇಳಿದೆ. ಎರಡು ವರ್ಷದಿಂದ ಹೇಳ್ತಾನೇ ಇದೀನಿ."

ಲುಸ್ಮಿಲಾ ನಗುವುದೋ ಬೇಡವೋ ಎಂದು ಅವರಿವರ ಮುಖ ನೋಡಿದಳು. ಫೌಸ್ತಿನಾ ಎದ್ದಳು, ಹ್ಯಾಟು ಸರಿಮಾಡಿಕೊಂಡಳು, ಬುಟ್ಟಿಗೆ ಬಟ್ಟೆ ಮುಚ್ಚಿ ಹೊರಟುಹೋದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಜೂನ್ 3, ಸೋಮವಾರ

ಸೂಪು ಉಳಿಯಿತು.

ಜೂನ್ 5, ಬುಧವಾರ

ಅಡುಗೆಯವರೆಲ್ಲ ಸೇರುವ ಬಸ್ ನಿಲ್ದಾಣಕ್ಕೆ ಹೋದೆ. ಒಬ್ಬೊಬ್ಬರನ್ನೇ ನಿಲ್ಲಿಸಿ ಹೇಳಿದೆ. ಮೂವರು ನಕ್ಕರು. ಒಬ್ಬ, "ಆ ಹೆಂಗಸಿನ ಅನ್ನ ತೆಗೆದೆಯಲ್ಲಮ್ಮ" ಎಂದು ಬೈದ. ಇನ್ನೊಬ್ಬ ತನಗೂ ಹಾಗೆ ಆಗಿತ್ತೆಂದೂ, ತಾನು ಮೀನಿನ ಹೆಸರು ಹೇಳಿದ್ದೆನೆಂದೂ ಕಿವಿಯಲ್ಲಿ ಹೇಳಿದ. ಹೋಗಿ ಮೀನಿನವಳಿಗೆ ಹೇಳು ಮಾರಾಯ ಎಂದೆ.

ಹೊಸ ಹೆಸರೂ ಬಂದಿದೆ ನನಗೆ. "ಗ್ರಿಂಗಾ". ಪರದೇಶದ ಹೆಂಗಸು ಅಂತ. ಈರುಳ್ಳಿ ಮಾರುವವನೂ, "ಗ್ರಿಂಗಾ, ಈರುಳ್ಳಿ ಬೇಕಾ?" ಎನ್ನುತ್ತಾನೆ. ಬೇಕು ಎಂದು ತಗೊಂಡೆ. ಚೆನ್ನಾಗಿತ್ತು.

ಜೂನ್ 9, ಭಾನುವಾರ

ಮಧ್ಯಾಹ್ನ ಫೌಸ್ತಿನಾ ಬಂದಳು. ಕೂರಲಿಲ್ಲ.

"ಸೆನ್ಯೋರಾ, ಒಂದು ಮಾತು."

ಹೇಳು ಎಂದೆ.

"ಎರಡು ವರ್ಷ ನನ್ನ ಕೈಯನ್ನೇ ನಾನು ನಂಬಲಿಲ್ಲ. ಹಾಲು ಕಾಯಿಸೋವಾಗ ಮೂರು ಸಲ ಮೂಸ್ತಿದ್ದೆ. ಪಾತ್ರೆ ಬದಲಾಯಿಸ್ದೆ. ಹಸು ಬದಲಾಯಿಸ್ದೆ. ನನ್ನ ಕೈಯಿಂದ ನೀನು ಸಾಯ್ತಿದ್ದೆ ಅಂತ ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ ನನಗೆ. ಯಾವ ಬಾಯಲ್ಲಿ ಕೊಮಾದ್ರೆ ಅಂತ ಕರೀಲಿ? ಗೊತ್ತಾ ನಿನಗೆ ಇದು?"

ಗೊತ್ತಿರಲಿಲ್ಲ. ಅದನ್ನು ಕೋಪ ಎಂದುಕೊಂಡು ನಾನೂ ಮುಖ ತಿರುಗಿಸಿಕೊಂಡು ಓಡಾಡಿದ್ದೆ. ಅಳು ಬಂತು, ಸೂಪಿನ ಹಂಡೆಯ ಮುಂದೆಯೇ ಅತ್ತೆ.

"ಅಳಬೇಡ, ಉಪ್ಪು ಜಾಸ್ತಿಯಾಗುತ್ತೆ," ಎಂದಳು. ನಗಲಿಲ್ಲ. "ಕ್ಷಮಿಸೋಕೆ ಬಂದಿಲ್ಲ ನಾನು. ಮೂರನೇ ದಿನ ಇರಲಿ ಅಂತ ಎಲ್ಲಾ ಒಪ್ಪಿದೀವಿ, ಅದನ್ನ ಹೇಳೋಕೆ ಬಂದೆ. ಆದ್ರೆ ನೀನೂ ಬರ್ಬೇಕು. ಕಾಗದದಲ್ಲಿ ಬರೆದು ನಮ್ಮನ್ನ ಮೇಲಕ್ಕೆ ಅಟ್ಟಿ, ನೀನಿಲ್ಲಿ ಸೌಟು ಆಡಿಸ್ತಾ ಕೂರ್ತೀಯಾ?"

"ನನಗೆ ಹೆದರಿಕೆ, ಫೌಸ್ತಿನಾ."

"ಹೆದರ್ಕೊಂಡೇ ಬಾ."

ಜೂನ್ 16, ಭಾನುವಾರ

ಎಲ್ಲ ಕಟ್ಟಿದ್ದಾಯಿತು. ಹಸುವನ್ನು ಹುಡುಕಿಕೊಂಡು ಹೋಗುವುದು ದಿನಾ ನಡೆದೇ ಇದೆ, ನಿನ್ನೆ ಸರೋವರದ ತಿರುವಿನವರೆಗೆ ಹೋಗಿದ್ದೆ. ಪಕ್ಕದ ಮನೆಯವರು ಆ ಹಸುವನ್ನು ಹೋದ ವಾರವೇ ಮಾರಿದರಂತೆ. ನನಗೆ ಹೇಳಲೇ ಇಲ್ಲ.

ಲುಸ್ಮಿಲಾ ಆರು ಲಂಗ ತಂದಿದ್ದಳು, ನಾಲ್ಕನ್ನು ವಾಪಸು ಕಳಿಸಿದೆ. ಸೆನೋವಿಯಾ ಹನ್ನೊಂದು ಬಗೆಯ ಸೊಪ್ಪು ಹೊತ್ತು ತಂದಿದ್ದಾಳೆ. ಗ್ಲಿಸೆರಿಯೊ ಆಲೂಗಡ್ಡೆ ಮೂಟೆ ಎತ್ತಿ, ಈಗ ಲೆಕ್ಕ ಸರಿಹೋಯಿತು ಎಂದ.

ಜೂನ್ 17, ಸೋಮವಾರ, ಕಿಸ್ವಾರ್ ತೋಪು

ಉದ್ಯಾನದ ಬಾಗಿಲಲ್ಲಿ ಕಾವಲುಗಾರ ನಮ್ಮ ಒಂಬತ್ತು ಹ್ಯಾಟುಗಳನ್ನು ನೋಡಿ, ಹುಲ್ಲಿನ ಪರವಾನಗಿ ತೋರಿಸಿ ಎಂದ.

"ನಾವು ಪ್ರವಾಸಿಗರಪ್ಪ," ಎಂದಳು ಸೆನೋವಿಯಾ. ಅವನು ದೊಡ್ಡ ಪುಸ್ತಕ ತೆಗೆದ. ಪರದೇಶದವರ ಹೆಸರುಗಳೇ ತುಂಬಿದ್ದ ಹಾಳೆ.

"ತಂಡದ ಜವಾಬ್ದಾರಿ ಯಾರದು? ಹೆಸರು ಹೇಳಿ."

ಸೆನೋವಿಯಾಳ ಹೆಸರು ಹೇಳೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಫೌಸ್ತಿನಾ ಮುಂದೆ ಬಂದಳು.

"ತೋರಿಬಿಯಾ ಮಗಿನ್ಯಾ ಅಂತ ಬರ್ಕೊಳ್ಳಿ. ಬೆಟ್ಟ ಹತ್ತಿದ್ರೆ ಏನಾಗುತ್ತೆ ಅಂತ ನಮ್ಮೊಳಗೆ ಗೊತ್ತಿರೋದು ಇವಳೊಬ್ಬಳಿಗೇ."

ಹದಿನಾರು ವರ್ಷ ಆ ಬಾಗಿಲು ದಾಟಿದ್ದೇನೆ. ಅಡುಗೆಯವರ ಹೆಸರನ್ನು ಯಾವತ್ತೂ ಆ ಪುಸ್ತಕದಲ್ಲಿ ಬರೆದಿರಲಿಲ್ಲ. ಕಾವಲುಗಾರ ಅಕ್ಷರ ತಪ್ಪಿಲ್ಲದೆ ಬರೆದ, ನಾನು ಬಗ್ಗಿ ನೋಡಿದೆ.

ಜೂನ್ 19, ಬುಧವಾರ, ಹಸಿರು ಕೊಳ

ಇಂದು ಸುಮ್ಮನೆ ಕೂರುವ ದಿನ. ಸುಮ್ಮನೆ ಕೂರುವುದನ್ನು ನಮಗೆ ಯಾರೂ ಕಲಿಸಿಲ್ಲ. ಬೆಳಕು ಹರಿಯುವ ಮೊದಲೇ ಎಲ್ಲರೂ ಎದ್ದಿದ್ದಾರೆ. ಇಬ್ಬರು ಕದುರು ತೆಗೆದು ಉಣ್ಣೆ ನೂಲುತ್ತಿದ್ದಾರೆ. ಸೆನೋವಿಯಾ ತೊಳೆದ ಪಾತ್ರೆಗಳನ್ನು ಮತ್ತೆ ತೊಳೆದಳು. ಲುಸ್ಮಿಲಾ ಕೊಳದ ಸುತ್ತ ಓಡಲು ಹೊರಟಿದ್ದಳು, ಕೂರೇ ಎಂದು ಗದರಿದೆ.

ಫೌಸ್ತಿನಾ ಎದ್ದಿರಲಿಲ್ಲ. ನಿನ್ನೆ ಸಂಜೆ ಊಟ ಬೇಡ ಎಂದಾಗಲೇ ನನಗೆ ಗೊತ್ತಾಗಿತ್ತು. ಡೇರೆಯೊಳಗೆ ಹೋದೆ. ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು, ನಾನು ಬಿಗಿದಿದ್ದ ಹಾಗೆಯೇ.

"ಏನಿಲ್ಲ. ಬಿಸಿಲು ತಾಗಿದೆ."

"ನೋವು ಎಲ್ಲಿ? ಹಿಂದೆಯೋ, ಹಣೆಯಲ್ಲೋ?"

ಎಲ್ಲಾ ಕಡೆ ಎಂದಳು.

ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಬಿಸಿನೀರು, ಕೋಕಾ ಎಲೆಯ ಕಷಾಯ, ಗಂಟೆಗೊಂದು ಸಲ ಎರಡು ಗುಟುಕು ಗೋಧಿ ನುಚ್ಚಿನ ಸಾರು. ಸಂಜೆಯೊಳಗೆ ನೋವು ಇಳಿಯದಿದ್ದರೆ ನಾನೇ ನಿನ್ನನ್ನು ಕೆಳಗೆ ಕರೆದುಕೊಂಡು ಹೋಗುತ್ತೇನೆ, ಉಳಿದವರು ಗ್ಲಿಸೆರಿಯೊ ಜೊತೆ ದಾಟಲಿ ಎಂದೆ. ಘಾಟಿಯ ಮೇಲೆ ನನಗೆ ಅಷ್ಟೊಂದು ಆಸೆ ಇದೆ ಎಂದು ಹಾಗೆ ಹೇಳುವಾಗ ತಿಳಿಯಿತು. ಆದರೂ ಹೇಳಿದೆ, ಮನಸ್ಸಿನಿಂದಲೇ ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಕಣ್ಣು ತೆರೆದಳು.

"ಕೊಮಾದ್ರೆ."

ಎರಡು ವರ್ಷವಾಗಿತ್ತು ಆ ಮಾತು ಕೇಳಿ. ಅವಳ ಹಣೆಯ ಬಟ್ಟೆ ಸರಿಮಾಡಿದೆ.

"ಮಾರ್ಕೆಟ್ಟಲ್ಲಿ ಯಾರಾದ್ರೂ ಕೇಳಿದ್ರೆ, ಚೀಸ್ ಕೆಟ್ಟಿತ್ತು ಅಂತ ಹೇಳಿಬಿಡು."

"ಹೇಳಲ್ಲ. ಫೌಸ್ತಿನಾಗೂ ಬೆಟ್ಟ ಹಿಡೀತು ಅಂತಾನೇ ಹೇಳ್ತೀನಿ. ಗ್ರಿಂಗಾ ನಂಬರ್ ಎರಡು."

ನಕ್ಕಳು, ನಕ್ಕು ತಲೆ ಹಿಡಿದುಕೊಂಡು ಅಯ್ಯಯ್ಯೋ ಎಂದಳು. ಹೊರಗಿದ್ದವರು ಏನಾಯಿತೆಂದು ಡೇರೆಯೊಳಗೆ ಇಣುಕಿದರು. ಸಂಜೆಗೆ ಎರಡು ತಟ್ಟೆ ಸಾರು ಕುಡಿದು, ಆಲೂಗಡ್ಡೆ ಬೇಯಿಸಿದ್ದು ಸಾಲದು ಎಂದು ದೂರಿದಳು. ಇನ್ನು ಭಯವಿಲ್ಲ.

ನಾಳೆ ನಿಧಾನ ನಡೆಯುವವರು ಮುಂದೆ, ಅವಸರದವರು ಹಿಂದೆ ಎಂದು ಹೇಳಿ ಬಂದಿದ್ದೇನೆ. ಇಷ್ಟು ಬರೆದ ಮೇಲೆ ನೆನಪಾಯಿತು, ನನಗೆ ತಲೆನೋವಿದೆಯೇ ಎಂದು ಇಡೀ ದಿನ ನೋಡಿಕೊಳ್ಳಲೇ ಇಲ್ಲ.

ಜೂನ್ 20, ಗುರುವಾರ, ಘಾಟಿಯ ಆಚೆ

ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಮುಂದೆ ಫೌಸ್ತಿನಾ, ಅವಳ ಹಿಂದೆ ನಾನು. ನಾನು ಬಿದ್ದ ಜಾಗ ಬಂದಾಗ ಗ್ಲಿಸೆರಿಯೊ ಕತ್ತೆಯನ್ನು ನನ್ನ ಪಕ್ಕಕ್ಕೆ ತಂದ. ಹಗ್ಗ ಹಿಡಿಯಲಿಲ್ಲ, ದಾಟಿದೆ.

ನೆತ್ತಿಯ ಮೇಲೆ ಇಪ್ಪತ್ತು ನಿಮಿಷ ಎಂದು ಯೋಜನೆಯಲ್ಲಿ ಬರೆದಿದ್ದೆ. ಒಂದೂವರೆ ಗಂಟೆ ಕೂತೆವು. ಈ ಕಡೆ ಮೂರು ಕೊಳ, ಆ ಕಡೆ ಎರಡು, ಸುತ್ತ ಹಿಮದ ಗೋಡೆಗಳು, ಮೋಡ ನಮಗಿಂತ ಕೆಳಗೆ. ಸೆನೋವಿಯಾ ಹ್ಯಾಟು ತೆಗೆದು ನಿಂತುಬಿಟ್ಟಳು. ಲುಸ್ಮಿಲಾ ಮೊದಲು ಕೂಗಿದಳು, ಆಮೇಲೆ ಅತ್ತಳು. ಸಂತೆಯಲ್ಲಿ ಪರದೇಶದವರು ಅತ್ತದ್ದನ್ನು ಅಣಕಿಸುತ್ತಿದ್ದವಳು ಅವಳೇ. ನನಗೂ ತುಂಬ ಸಂತೋಷವಾಗಿತ್ತು, ಎಲ್ಲಿ ಇಟ್ಟುಕೊಳ್ಳಲಿ ಎನ್ನುವಷ್ಟು.

ಫೌಸ್ತಿನಾ ಮಾತ್ರ ಬಂಡೆಯೊಂದರ ಮೇಲೆ ಒಬ್ಬಳೇ ಕೂತು ನೋಡುತ್ತಿದ್ದಳು. ತಲೆನೋವು ಬಂತೇನೋ ಎಂದು ನಾನು ಹತ್ತಿರ ಹೋದೆ. ಅವಳು ನನ್ನ ಕಡೆ ತಿರುಗಿದಳು, ಮುಖದಲ್ಲಿ ನಿಜವಾದ ಸಿಟ್ಟಿತ್ತು.

"ಸುಳ್ಳು ಹೇಳಿದ್ದನ್ನ ಬಿಟ್ಟುಬಿಡ್ತೀನಿ, ಕೊಮಾದ್ರೆ. ಹದಿನಾರು ವರ್ಷ ಇಲ್ಲಿಗೆ ಬಂದು ಹೋಗಿದೀಯ. ವಾರ ವಾರ ನನ್ನ ಅಂಗಡಿ ಮುಂದೆ ನಿಂತು ಊರಿನವರ ಸುದ್ದಿಯೆಲ್ಲ ಹೇಳ್ತಿದ್ದೆ. ಇಲ್ಲಿ ಹೀಗಿದೆ ಅಂತ ಒಂದು ಸಲ ಹೇಳಿದೀಯಾ? ಒಂದು ಸಲ? ಇದನ್ನ ಮಾತ್ರ ನಾನು ಕ್ಷಮಿಸಲ್ಲ."

ಕ್ಷಮಿಸಬೇಡ ಎಂದೆ. ಅವಳು ಸರಿದು ಬಂಡೆಯ ಮೇಲೆ ನನಗೂ ಜಾಗ ಮಾಡಿದಳು, ಕೂತೆ.